ಒದ್ದೆ ನೆಲದ ಹೊಗೆ

2025ರ ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ 8.50. ಆಲ್ದೂರು ಸಮೀಪದ ಇನ್‌ಸ್ಟಂಟ್ ಕಾಫಿ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಚನ್ನಬಸವ ಠಾಣೆಗೆ ಬಂದು ದೂರು ಕೊಟ್ಟ. ಮ್ಯಾನೇಜರ್ ಸುದೀಪ ಹಿಂದಿನ ಸಂಜೆ ತಮ್ಮ ಕೋಣೆಯಲ್ಲೇ ಫಿಟ್ಸ್ ಬಂದು ಬಿದ್ದಿದ್ದರು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಮತ್ತೊಂದು ಸಂಗತಿ ಬರೆಸಲು ಅವನು ಹಿಂಜರಿದ. ಒಂದು ವಾರದಿಂದ ದಿನಾ ಬೆಳಿಗ್ಗೆ ಬಾಯ್ಲರ್ ಮನೆಯಿಂದ ಆ ಕೋಣೆಯವರೆಗೆ ನೆಲ ಒರೆಸಿದ ಒದ್ದೆ ಗುರುತು ಇರುತ್ತಿತ್ತು. ನೆಲ ಒರೆಸುತ್ತಿದ್ದ ಸುಕನ್ಯಾ ಸತ್ತು ಐದು ತಿಂಗಳಾಗಿತ್ತು.

ಪಿಎಸ್‌ಐ ರುದ್ರಾಣಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ದಯಾನಂದನೊಂದಿಗೆ 9.40ಕ್ಕೆ ಸ್ಥಳಕ್ಕೆ ಹೋದರು. ಕೆಲಸದವರೆಲ್ಲ ಗೇಟಿನ ಹೊರಗೇ ನಿಂತಿದ್ದರು. ಕೋಣೆಯ ಕಿಟಕಿ ಮುಚ್ಚಿತ್ತು. ಮೇಜಿನ ಕೆಳಗೆ ನೆನೆದ ಬಟ್ಟೆಯೊಂದು ಬಿದ್ದಿತ್ತು. ಬೆಂಕಿಯಿಲ್ಲ, ಬಿಸಿಯಿಲ್ಲ, ಆದರೂ ಅದರಿಂದ ತೆಳ್ಳಗೆ ಬಿಳಿ ಹೊಗೆ ಏಳುತ್ತಿತ್ತು. ಅಮೋನಿಯಾದಂಥ ಘಾಟು. ದಯಾನಂದ ಬಾಗಿಲಲ್ಲೇ ನಿಂತುಬಿಟ್ಟ. ರುದ್ರಾಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಅಗ್ನಿಶಾಮಕದವರನ್ನು ಕರೆಸಿ, ಪಂಚನಾಮೆ ಮಾಡಿ, ಬಟ್ಟೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರು.

19ರಂದು ಪ್ರಯೋಗಾಲಯದ ರೂಪಶ್ರೀ ಫೋನ್ ಮಾಡಿದರು.

"ಹೈಡ್ರಜೀನ್, ಮೇಡಂ. ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಅಮೋನಿಯಾದ ಹತ್ತಿರದ ನಂಟು. ನೋಡೋಕೆ ನೀರೇ, ಗಾಳಿ ತಾಗಿದ್ರೆ ಹೊಗೆಯಾಡುತ್ತೆ."

ಅದು ಬಾಯ್ಲರ್ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿ ಕಬ್ಬಿಣ ತುಕ್ಕು ಹಿಡಿಯದಂತೆ ಕಾಯುತ್ತದೆ, ರಾಕೆಟ್ಟಿಗೆ ಇಂಧನವಾಗುತ್ತದೆ, ಕ್ಷಯಕ್ಕೆ ಕೊಡುವ ಮಾತ್ರೆಯೊಂದೂ ಅದೇ ಕುಲದ್ದು ಎಂದು ವಿವರಿಸಿದರು. ಆದರೆ ಅದು ಚರ್ಮದ ಮೂಲಕವೂ ಮೈಗಿಳಿದು ಲಿವರ್ ಕೆಡಿಸುತ್ತದೆ.

ರುದ್ರಾಣಿ ಸುಕನ್ಯಾಳ ಆಸ್ಪತ್ರೆಯ ಚೀಟಿ ತರಿಸಿದರು. ಕಾಮಾಲೆ ಎಂದು ಬರೆದಿತ್ತು. ಬಾಯ್ಲರ್ ಮನೆಯ ಉಗ್ರಾಣದ ಕೀಲಿ ಇದ್ದದ್ದು ಇಬ್ಬರ ಬಳಿ: ಸುದೀಪ ಮತ್ತು ಬಾಯ್ಲರ್ ಆಪರೇಟರ್ ಷಡಕ್ಷರಿ. ಷಡಕ್ಷರಿ ಸುಕನ್ಯಾಳ ಗಂಡ.

ಅಂದೇ ಸಂಜೆ 4.15ಕ್ಕೆ ಅವನ ಮನೆಗೆ ಹೋದಾಗ, ಕಾಯುತ್ತಿದ್ದವನಂತೆ ಎದ್ದು ನಿಂತ. ಅಂಗೈ ಸುಲಿದಿತ್ತು.

"ಹೈಡ್ರಜೀನ್‌ನಲ್ಲಿ ನೆಲ ಒರೆಸಿದ್ದು ನೀವಾ?"

"ಹೌದು ಮೇಡಂ. ಅವಳು ಒರೆಸ್ತಿದ್ದ ದಾರೀನೇ."

"ಅದು ವಿಷ ಅಂತ ಗೊತ್ತಾಗಿದ್ದು ಯಾವಾಗ?"

"ಅವಳು ಹೋದ್ಮೇಲೆ. ತಪಾಸಣೆಯೋರಿಗೆ ಕಾಣ್ಬಾರ್ದು ಅಂತ ಕ್ಯಾನಿನ ಲೇಬಲ್‌ನೆಲ್ಲ ಮ್ಯಾನೇಜರ್ರು ಕೀಳಿಸಿದ್ರು. ಒಂದು ಮಾತ್ರ ಉಳಿದಿತ್ತು." ಸುಲಿದ ಅಂಗೈ ನೋಡಿಕೊಂಡ. "ಚೆಲ್ಲಿದ್ದು ನೀರಿನ ಹಾಗೇ ಇದೆ, ಕೈಯಲ್ಲೇ ಒರೆಸ್ಬಿಡು ಮಾರಾಯ್ತಿ ಅಂತ ಅವಳಿಗೆ ಹೇಳಿದ್ದು ನಾನೇ."

ಅವನನ್ನು ಬಂಧಿಸಿದರು.

ಸುದೀಪ ಚೇತರಿಸಿಕೊಂಡರು. ಮಾರ್ಚ್ 3ರಂದು, ಸುಕನ್ಯಾಳ ಸಾವಿನ ಸಂಬಂಧ ಅವರ ಮೇಲೂ ಎಫ್‌ಐಆರ್ ದಾಖಲಾಯಿತು. ಅದರ ಮೊದಲ ಸಾಕ್ಷಿ ಷಡಕ್ಷರಿಯ ಹೇಳಿಕೆಯನ್ನು ರುದ್ರಾಣಿ ಜೈಲಿಗೆ ಹೋಗಿ ಬರೆದುಕೊಂಡರು. ಅವನು ಅದನ್ನು ಎರಡು ಸಲ ಓದಿಸಿಕೊಂಡ. ಆಮೇಲೆ ಈ ಪ್ರಕರಣದಲ್ಲಿ ತನ್ನ ಹೆಸರನ್ನೂ ಆರೋಪಿಗಳ ಸಾಲಿಗೆ ಸೇರಿಸಿ ಎಂದು ಕೇಳಿದ.