ಚರ್ಮ ಹೇಳಿದ ಮಾತು

"ಕೈ ಇಲ್ಲಿ ಇಡ್ರಿ."

ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನೀಲಾಂಬಿಕಾ ತಲೆ ಎತ್ತದೆ ಹೇಳಿದಳು. ಮೇಜಿನ ಮೇಲೆ ಬಂದು ಕೂತ ಕೈ ನೋಡಿದ ಮೇಲೆ ತಲೆ ಎತ್ತಿದಳು.

ಗದ್ದೆಯ ಕೈ ಅದು. ಅಂಗೈಯಲ್ಲಿ ಕುಡುಗೋಲು ಹಿಡಿದ ಗಟ್ಟಿ ಗಂಟು. ಆದರೆ ಮೊಣಕೈಯ ಒಳಮಗ್ಗುಲು ಮಾತ್ರ ಎಳೆ ಬಾಳೆಯ ಸುಳಿಯಷ್ಟು ಮೆತ್ತಗೆ.

"ಕೊಯ್ದು ನೋಡ್ತೀರೇನ್ರಿ?" ಎಂದ ಆ ಕೈಯ ಒಡೆಯ.

"ಹೆದರಿಕಿ ಇದ್ರ ಎದ್ದು ಹೋಗಬಹುದು."

"ಹೆದರಾವಾ ಆಗಿದ್ರ ತಿಳವಳ್ಳಿಯಿಂದ ಬಸ್ ಬದಲಿಸಿಕೋತ ಶಿಗ್ಗಾಂವಿಗೆ ಬರ್ತಿದ್ನೇನ್ರಿ?"

ಅವಳಿಗೆ ನಗು ಬಂತು. ನಗಲಿಲ್ಲ. ಚರ್ಮದ ಮೇಲೆ ಬರೆಯುವ ಪೆನ್ನಿನಿಂದ ಅವನ ಕೈಯ ಆ ಮೆತ್ತನೆಯ ಜಾಗದಲ್ಲಿ ಎರಡು ಚೌಕ ಬರೆದಳು. ಎಂದೂ ಸೊಟ್ಟಗಾಗದ ಅವಳ ಗೆರೆ ಅಂದು ಯಾಕೋ ತುಸು ವಾಲಿತು...

'ಇದೇನು ನನಗೆ?' ಎಂದುಕೊಂಡಳು. ಉತ್ತರ ಮೇಲಿನ ಶಿವನಿಗೆ ಮಾತ್ರ ಗೊತ್ತಿತ್ತು.

ಅವನ ಹೆಸರು ಬಸವೇಶ. ಅವನ ಊರಲ್ಲಿ ಭತ್ತದ ನಾಟಿಗೆ ಇಳಿದ ಹೆಂಗಸರ ಕಾಲ್ಬೆರಳ ಸಂದಿಗಳು ಕೆಸರಿನಲ್ಲಿ ನೆನೆದು ಹುಣ್ಣಾಗುತ್ತವೆ. ಅದಕ್ಕೆ ಅವನ ತಾಯಿ ಸರೋಜವ್ವ ಕಕ್ಕೆ ಗಿಡದ ಎಲೆಯಿಂದ ಮುಲಾಮು ಕಾಸುತ್ತಿದ್ದಳು. ಈಗ ಓಣಿಯ ಹೆಂಗಸರೆಲ್ಲ ಸೇರಿ ಅದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದರು. ಹುಬ್ಬಳ್ಳಿಯ ಔಷಧ ವ್ಯಾಪಾರಿಯೊಬ್ಬರು ಅಂಗಡಿಗಳಲ್ಲಿಡಲು ಒಪ್ಪಿದ್ದರು. ಆದರೆ ಮೊದಲು ಪರೀಕ್ಷೆಯಾಗಬೇಕು, ದೀಪಾವಳಿಯ ಒಳಗೆ ವರದಿ ಕೈಸೇರಬೇಕು. ಇಲ್ಲವಾದರೆ ಆ ಜಾಗ ಬೇರೆ ಮುಲಾಮಿಗೆ ಹೋಗುತ್ತದೆ.

ಎಲೆಯ ಸಾರ ಗಾಜಿನ ತಟ್ಟೆಯಲ್ಲಿ ಗೆದ್ದಾಗಿತ್ತು. ಹುಣ್ಣಿಗೆ ಕಾರಣವಾದ ಬೂಸು ಅದರ ಸುತ್ತ ಬೆಳೆದಿರಲಿಲ್ಲ. ಇನ್ನು ಉಳಿದದ್ದು ಮನುಷ್ಯರ ಚರ್ಮ. ಒಪ್ಪಿ ಮುಂದೆ ಬಂದ ಊರಿನ ಗಂಡಸರು, ಹೆಂಗಸರು ವಾರದವರೆಗೆ ಎರಡು ಹೊತ್ತು ಈ ಚೌಕಗಳಿಗೆ ಹಚ್ಚಿಕೊಳ್ಳಬೇಕು. ಕೆಂಪು ಮುಚ್ಚಳದ ಡಬ್ಬಿಯದು ಒಂದು ಚೌಕಕ್ಕೆ, ನೀಲಿಯದು ಇನ್ನೊಂದಕ್ಕೆ. ಒಂದರಲ್ಲಿ ಮಾತ್ರ ಕಕ್ಕೆಯ ಸಾರ. ಇನ್ನೊಂದರಲ್ಲಿ ಬರೀ ಮೇಣ ಮತ್ತು ಎಣ್ಣೆ, ನೋಡಲು ಮೂಸಲು ಅದರಂತೆಯೇ ಮಾಡಿದ್ದು. ಯಾವುದು ಯಾವುದೆಂದು ಜೊತೆಗಾರ್ತಿ ಗುಲ್ನಾರಳಿಗೆ ಮಾತ್ರ ಗೊತ್ತು. ತೀರ್ಪು ಹೇಳುವ ನೀಲಾಂಬಿಕಾಳಿಗೂ ಗೊತ್ತಿರಬಾರದು. ಅದೇ ಪರೀಕ್ಷೆಯ ಧರ್ಮ.

ಬೆಳಿಗ್ಗೆ ಸ್ನಾನವಾದ ಕೂಡಲೇ ಹಚ್ಚಬೇಕು, ಬೇರೆ ಏನೂ ತಾಗಿಸಬಾರದು ಎಂದು ಅವಳು ಎಲ್ಲರಿಗೂ ಹೇಳಿಕೊಟ್ಟಳು.

ಆ ವಾರ ಬಸವೇಶ ಮತ್ತೆ ಮತ್ತೆ ಬಂದ. ಸಾರ ತೆಗೆಯಲು ಹೊಸ ಎಲೆ ಬೇಕಿತ್ತು, ನಿಜ. ಅವನೇ ತರಬೇಕೆಂದು ಯಾರೂ ಹೇಳಿರಲಿಲ್ಲ, ಅದೂ ನಿಜ. ಒಂದು ದಿನ ಅವಳು ಎಲೆಯ ಸಾರದ ಹನಿಯನ್ನು ಬಿಳಿ ಕಾಗದದ ಪಟ್ಟಿಗೆ ಹಾಕಿ, ಪಟ್ಟಿಯ ತುದಿಯನ್ನು ದ್ರವದಲ್ಲಿ ಅದ್ದಿ ನಿಲ್ಲಿಸಿದಳು. ಹಸಿರು ಮೆಲ್ಲಗೆ ಮೇಲೇರಿತು, ಏರುತ್ತ ಒಡೆಯಿತು. ಮೇಲೆ ಅರಿಶಿನ ಬಣ್ಣದ ಗೆರೆ, ಕೆಳಗೆ ಎರಡು ಬಗೆಯ ಹಸಿರು.

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಒಂದು ಎಲಿ ತಪ್ಪಲದಾಗ ಇಷ್ಟು ಇಟ್ಟಾನಂದ್ರ... ಶಿವ ಎಷ್ಟು ಸಾವಕಾಶ ಕುಂತು ಮಾಡಿರಬೇಕು."

ಅವಳು ಅಂಥ ಪಟ್ಟಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ. ಒಣಗಿದ ಮೇಲೆ ಆ ಪಟ್ಟಿಯನ್ನು ಎಸೆಯದೆ ತನ್ನ ಪುಸ್ತಕದಲ್ಲಿಟ್ಟುಕೊಂಡಳು.

ಅವನು ಹೋದ ಮೇಲೆ ಗುಲ್ನಾರ ಸುಮ್ಮನಿರಲಿಲ್ಲ. ಸವಣೂರಿನ ವೀಳ್ಯದೆಲೆ ಅಗಿಯುತ್ತ, ಈ ಕಕ್ಕೆಯ ಸಾರ ಕಾಲ್ಬೆರಳಿಗಿಂತ ಮೊದಲು ಯಾರದೋ ಎದೆಗೆ ಇಳಿದ ಹಾಗಿದೆ ಎಂದು ಕೆಣಕಿದಳು. ನೀಲಾಂಬಿಕಾ ಅವಳ ಕೈಗೆ ಗಾಜಿನ ಕೊಳವೆಗಳನ್ನು ಕೊಟ್ಟು ತೊಳೆಯಲು ಕಳಿಸಿದಳು.

ತೀರ್ಪಿನ ದಿನ ಬಂತು.

ಹೆಂಗಸರ ಕೈಗಳು ತಿಳಿಯಾಗಿದ್ದವು. ಗಂಡಸರ ಕೈ ನೋಡಿ ನೀಲಾಂಬಿಕಾಳ ಜೀವ ಹಾರಿತು. ಎರಡೂ ಚೌಕ ಕೆಂಪು! ಬಸವೇಶನ ಕೈಯಲ್ಲಂತೂ ಸಣ್ಣ ಗುಳ್ಳೆಗಳೆದ್ದಿದ್ದವು. ಗುಲ್ನಾರ ಗುಟ್ಟು ಬಿಚ್ಚಿದಳು. ನೀಲಿ ಡಬ್ಬಿಯಲ್ಲಿದ್ದದ್ದು ಬರೀ ಮೇಣ, ಎಣ್ಣೆ. ಅದೂ ಕೆಂಪಾಗಿದೆ ಎಂದ ಮೇಲೆ ತಪ್ಪು ಕಕ್ಕೆಯದಲ್ಲ. ಈ ಗಂಡಸರು ಇನ್ನೇನನ್ನೋ ಹಚ್ಚಿದ್ದಾರೆ. ಪರೀಕ್ಷೆ ಕೆಟ್ಟಿತು.

ಅವಳು ಬಸವೇಶನನ್ನು ಎದುರಿಗೆ ಕೂರಿಸಿ ಕೇಳಿದಳು. ಸಾಬೂನು? ಸುಣ್ಣ? ಅರಿಶಿನ? ಮುಲಾಮು ಬೇಗ ಗೆಲ್ಲಲೆಂದು ಮನೆಯ ಮದ್ದು ಏನಾದರೂ? ಒಂದೊಂದಕ್ಕೂ ಅವನು ಇಲ್ಲವೆಂದು ತಲೆಯಾಡಿಸಿದ.

"ಏನೂ ಹಚ್ಚಿಲ್ರಿ."

"ಹಚ್ಚೀರಿ. ಕೈನ ಹೇಳಾಕತ್ತೇತಿ."

ಅವನು ಅವಳ ಮುಖ ನೋಡಿದ. "ನನ್ನ ಮಾತಿಗಿಂತ ನನ್ನ ಚರ್ಮನ ಹೆಚ್ಚು ನಂಬ್ತೀರಿ, ಹೌದಿಲ್ರಿ?"

"ನನ್ನ ಕೆಲಸನ ಅದು. ಚರ್ಮಕ್ಕ ಸುಳ್ಳು ಹೇಳಾಕ ಬರೂದಿಲ್ಲ."

ಆಡಿದ ಮೇಲೆ ಅವಳಿಗೆ ಆ ಮಾತಿನ ತೂಕ ತಿಳಿಯಿತು. ಅಷ್ಟರಲ್ಲಿ ಅವನು ಎದ್ದಿದ್ದ. ಮಡಿಸಿದ ತೋಳನ್ನು ನಿಧಾನವಾಗಿ ಇಳಿಸಿ, ಗುಂಡಿ ಹಾಕಿಕೊಂಡ.

"ನನಗೂ ಬರೂದಿಲ್ರಿ."

ಅಷ್ಟೇ ಹೇಳಿ ಹೋದ.

ಮರುದಿನ ಸರೋಜವ್ವ ಫೋನ್ ಮಾಡಿದಳು. ಪರೀಕ್ಷೆ ಸಾಕಂತೆ, ಮಗ ಇನ್ನು ಆ ಕಡೆ ಬರುವುದಿಲ್ಲವಂತೆ. ಓಣಿಯ ಹೆಂಗಸರು ಮಾತ್ರ ದುಡಿಮೆ ಕೈತಪ್ಪಿತೆಂದು ಮರುಗುತ್ತಿದ್ದಾರೆ ಎಂದು ನಿಟ್ಟುಸಿರಿಟ್ಟಳು.

ನೀಲಾಂಬಿಕಾ ಕೆಲಸ ಮಾಡಿದಳು. ಊಟ ಮಾಡಿದಳು. ಯಾವುದರ ರುಚಿಯೂ ಹತ್ತಲಿಲ್ಲ. ಗುಲ್ನಾರ ಒಂದೇ ಒಂದು ಮಾತು ಕೇಳಿದಳು.

"ತನ್ನ ಔಷಧ ತಾನ ಯಾಕ ಕೆಡಸ್ತಾನ, ನೀಲಾ?"

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಚರ್ಮ ಸುಳ್ಳು ಹೇಳುವುದಿಲ್ಲ. ಅವನೂ ಹೇಳುವುದಿಲ್ಲ ಎಂದು ಒಳಗಿನದ್ದೇನೋ ಹೇಳುತ್ತಿದೆ. ಎರಡೂ ಸತ್ಯವಾಗಿದ್ದರೆ...? ಆಗ ಕಾಣದೆ ಉಳಿದದ್ದು ಏನು?

ಕಾಣದ್ದು ಅವಳ ಮನೆಯಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ. ಬಂಕಾಪುರದ ಆ ಮನೆಗೆ ಕೋಟೆಯ ಕಡೆಯಿಂದ ನವಿಲಿನ ಕೂಗು. ತಂದೆ ಕರಬಸಪ್ಪ ಮಿಂದು ಪೂಜೆಗೆ ಕೂತಿದ್ದರು. ವಿಭೂತಿ ಗಟ್ಟಿಗೆ ನೀರು ಬಿಟ್ಟು, ಮೂರು ಬೆರಳಿನಿಂದ ಹಣೆಗೆ, ಎದೆಗೆ ಧರಿಸಿದರು. ಆಮೇಲೆ ಎಡಗೈ ಚಾಚಿ, ಮೊಣಕೈಯ ಒಳಮಗ್ಗುಲಿಗೆ ಮೂರು ಗೆರೆ ಎಳೆದರು.

ನೀಲಾಂಬಿಕಾಳ ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ನಿಂತಿತು.

ಅವಳು ಚೌಕ ಬರೆದ ಜಾಗವದು!

ಹುಟ್ಟಿದಾಗಿನಿಂದ ದಿನವೂ ನೋಡಿದ್ದಳು. ದಿನವೂ ನೋಡಿದ್ದರಿಂದಲೇ ಕಂಡಿರಲಿಲ್ಲ. ಬರಿಯ ಮೈಮೇಲೆ ಭಸ್ಮ ಯಾರಿಗೂ ಏನೂ ಮಾಡದು, ಒಣಗಿ ಉದುರಿ ಹೋಗುತ್ತದೆ. ಆದರೆ ಆಗಷ್ಟೇ ಹಚ್ಚಿದ ಮುಲಾಮಿನ ಮೇಲೆ ಕೂತರೆ? ಜಿಡ್ಡಿಗೆ ಹತ್ತಿಕೊಂಡು, ಬೆವರಿನಲ್ಲಿ ನೆನೆದು, ದಿನವಿಡೀ ತಿಕ್ಕುತ್ತದೆ. ಮೇಣವಾದರೇನು, ಕಕ್ಕೆಯಾದರೇನು, ಎರಡೂ ಚೌಕ ಕೆಂಪಾಗಲೇಬೇಕು. ಆ ಮನೆಗಳ ಹೆಂಗಸರು ಧರಿಸುವುದು ಹಣೆಗೆ ಮಾತ್ರ. ಅದಕ್ಕೇ ಅವರ ಕೈ ತಿಳಿಯಾಗಿತ್ತು.

ಪೂಜೆ ಮುಗಿಯುವವರೆಗೆ ಅವಳು ಉಸಿರು ಹಿಡಿದು ಕಾದಳು.

"ಅಪ್ಪಾ, ಇವತ್ತ ಕೈಗೆ ಏನರ ಹಚ್ಚೀಯೇನು?"

ಕರಬಸಪ್ಪ ತಮ್ಮ ಕೈ ನೋಡಿಕೊಂಡರು, ಮಗಳನ್ನು ನೋಡಿದರು. "ಇಲ್ಲವ್ವ. ಯಾಕ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸುಣ್ಣ, ಸಾಬೂನಿನ ಸಾಲಿನಲ್ಲಿ ವಿಭೂತಿಯನ್ನು ಎಣಿಸುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಅವಳಾದರೂ ಎಣಿಸಿದ್ದಳೇ?

ಅವಳು ನೆಟ್ಟಗೆ ತಿಳವಳ್ಳಿಗೆಂದು ಬಸ್ಸು ಹತ್ತಿದಳು. ಹಾನಗಲ್ಲಿನಲ್ಲಿ ಇನ್ನೊಂದು ಬಸ್ಸು. ಎರಡೂ ಕಡೆ ಭತ್ತ ಹೊಡೆ ಬಿಚ್ಚಿ ತೆನೆ ತೋರಿತ್ತು. ತಪ್ಪು ಒಪ್ಪಿಕೊಳ್ಳಲು ಹೊರಟವಳಿಗೆ ಅಳುಕು ಇರಬೇಕಿತ್ತು. ಇರಲಿಲ್ಲ. ಸತ್ಯ ಸಿಕ್ಕವರ ಹೆಜ್ಜೆ ಹಗುರ.

ಹಿತ್ತಲಲ್ಲಿ ಬಸವೇಶ ಎಲೆ ಆರಿಸುತ್ತಿದ್ದ. ಸರೋಜವ್ವ ಬಾರವ್ವಾ ಎಂದು ಕರೆದು ಮಣೆ ಕೊಟ್ಟಳು. ನೀಲಾಂಬಿಕಾ ಕೂರಲಿಲ್ಲ.

"ನೀವು ಸುಳ್ಳು ಹೇಳಿದ್ದಿಲ್ಲ. ಕೇಳಬೇಕಾದ್ದನ್ನ ನಾ ಕೇಳಿದ್ದಿಲ್ಲ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಅಂಗಿಯ ತೋಳು ಮಡಿಸಿದ. ಕೆಂಪು ಇಳಿಯುತ್ತಿತ್ತು, ಅದರ ಮೇಲೆ ಅಂದಿನ ಮೂರು ಗೆರೆ ಬೆಳ್ಳಗಿದ್ದವು. ತನ್ನ ಕೈಯನ್ನೇ ಹೊಸದಾಗಿ ನೋಡುವವನಂತೆ ನೋಡಿದ.

"ಹಂಗಾರ ವಿಭೂತಿ ಬಿಡಂತೀರೇನ್ರಿ?" ದನಿಯಲ್ಲಿ ಇನ್ನೂ ಬಿಗಿ ಇತ್ತು.

"ಯಾಕ ಬಿಡ್ತೀರಿ? ವಿಭೂತಿ ಇಲ್ಲದ ಜಾಗ ಹುಡುಕೂದು ನನ್ನ ಕೆಲಸ. ಈ ಸರ್ತಿ ಬೆನ್ನಿಗೆ ಹಚ್ಚೂಣು."

ಸರೋಜವ್ವ ಎಲೆ ಆರಿಸುತ್ತಲೇ ಬಾಯಿ ಹಾಕಿದಳು. "ಬೆನ್ನಿಗೆ ಇವನ ಕೈ ಮುಟ್ಟೂದಿಲ್ಲವ್ವ. ನನಗ ಕಣ್ಣು ಮಬ್ಬು. ಹಚ್ಚಾಕ ಮನ್ಯಾಗ ಒಬ್ಬಾಕಿ ಬೇಕಲ್ಲ?"

"ಅವ್ವಾ..." ಎಂದ ಬಸವೇಶ. ಕಿವಿ ಕೆಂಪಾಗಿತ್ತು. ಅದಕ್ಕೆ ಮಾತ್ರ ಭಸ್ಮ ಕಾರಣವಲ್ಲ.

ತಾಯಿ ನೀರು ತರುವ ನೆಪದಲ್ಲಿ ಒಳಗೆ ಹೋದಳು. ಅವನು ಮೆಲ್ಲಗೆ ಕೇಳಿದ, "ಈಗ ಯಾವುದನ್ನ ನಂಬ್ತೀರಿ? ಚರ್ಮಾನೋ, ಮಾತನೋ?"

"ಎರಡನ್ನೂ. ಎರಡೂ ಖರೇನ ಹೇಳಿದ್ವು, ನನಗ ಕೇಳಿಸಿದ್ದಿಲ್ಲ."

ಬಿಗಿ ಅಲ್ಲಿಗೆ ಸಡಿಲಿತು.

ಕೈಗಳು ಪೂರ್ತಿ ಮಾಯಲು ಬಿಟ್ಟು, ಮತ್ತೆ ಮೊದಲಿನಿಂದ ಪರೀಕ್ಷೆ ನಡೆಯಿತು. ಗಂಡಸರು ಒಬ್ಬರ ಬೆನ್ನಿಗೊಬ್ಬರು ಹಚ್ಚುತ್ತ, ಕಚಗುಳಿಗೆ ನಗುತ್ತ, ವಾರ ಕಳೆದರು. ಪೂಜೆಯೂ ತಪ್ಪಲಿಲ್ಲ. ತೀರ್ಪಿನ ದಿನ ಒಂದು ಬೆನ್ನಾದರೂ ಕೆಂಪಾಗಿರಲಿಲ್ಲ. ವರದಿ ದೀಪಾವಳಿಗೆ ಮೊದಲೇ ಹುಬ್ಬಳ್ಳಿ ಸೇರಿತು. ತಿಳವಳ್ಳಿಯ ಓಣಿಯಲ್ಲಿ ಆ ದಿನ ಹೋಳಿಗೆಯ ವಾಸನೆ.

ಹೋಳಿಗೆ ಕಟ್ಟಿಕೊಂಡು ಬಂದವನು ಬಸವೇಶ. ಗುಲ್ನಾರ ತನ್ನ ಪಾಲು ಎತ್ತಿಕೊಂಡು, ಕೊಳವೆ ತೊಳೆಯಬೇಕೆಂದು ತಾನಾಗಿಯೇ ಎದ್ದು ಹೋದಳು.

ಇಬ್ಬರೇ ಉಳಿದರು.

"ಇನ್ನ ಈ ಕಡೆ ಬರಾಕ ನನಗ ಕೆಲಸ ಇಲ್ರಿ," ಎಂದ ಅವನು.

"ಇಷ್ಟು ದಿನ ಕೆಲಸಕ್ಕಂತನ ಬರ್ತಿದ್ರೇನು?"

"ಮೊದಲನೇ ದಿನ ಅಷ್ಟ. ಆಮ್ಯಾಲೆ ತಪ್ಪಲಾನ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಿಸಿದ್ರೂ ನಡೀತಿತ್ತು."

ಅವಳು ಕಿಟಕಿಯ ಹೊರಗೆ ನೋಡಿದಳು. ಹೆದ್ದಾರಿಯ ಮೇಲೆ ಗಾಡಿಗಳು ಹೋಗುತ್ತಿದ್ದವು.

"ರವಿವಾರ ಬಂಕಾಪುರಕ್ಕ ಬರ್ರಿ. ಅಪ್ಪ ಮನ್ಯಾಗ ಇರ್ತಾನ."

"ಬಂದು ಏನಂತ ಹೇಳ್ಲಿ?"

"ಇದ್ದದ್ದು ಹೇಳ್ರಿ. ನಿಮ್ಮ ಮಾತು ನಂಬ್ತಾನ."

"ನೀವು?"

"ನಾ ನಂಬಿ ಭಾಳ ದಿನ ಆತು."