ಗರಳಾಕ್ಷ ಕುಡಿದ ಗಡಿಗೆ

ಬಹಳ ಹಿಂದೆ, ಕಾಗೆಗೆ ಕೆಮ್ಮು ಬಂದರೂ ಕಷಾಯ ಕಾಸಿ ಕೊಡುತ್ತಿದ್ದ ಕಾಲದಲ್ಲಿ, ಹಸಿರಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಕಾಡಿನ ಗುಹೆಯಲ್ಲಿ ಗರಳಾಕ್ಷನೆಂಬ ಮಾಂತ್ರಿಕನಿದ್ದ. ಅವನಿಗೆ ಸಾವೆಂದರೆ ಭಯ. ಎಂದೂ ಸಾಯಬಾರದೆಂದು ಮಂತ್ರ ಹಾಕಿ, ರಾಜ್ಯದ ಗಿಡಮೂಲಿಕೆಗಳ ಸಾರವನ್ನೆಲ್ಲ ಸೆಳೆದುಕೊಂಡ. ಅಮೃತಬಳ್ಳಿಯ ಕಹಿ ಹಾವಾಯಿತು, ಅರಿಸಿನದ ಹಳದಿ ಹುಲಿಯಾಯಿತು, ಹಿಪ್ಪಲಿಯ ಖಾರ ಕರಡಿಯಾಯಿತು. ಗುಹೆಗೆ ಅವೇ ಕಾವಲು. ಊರಲ್ಲಿ ಗಿಡಗಳು ಹಸಿರಾಗಿಯೇ ನಿಂತಿದ್ದವು. ಅರೆದು ಕುಡಿಸಿದರೆ ಮಾತ್ರ ಹುಲ್ಲು ಅರೆದು ಕುಡಿಸಿದಂತೆ. ಜ್ವರ ಬಂದು ಮಲಗಿದವರು ಏಳಲಿಲ್ಲ.

ಮದ್ದು ಕೊಡುವ ಸಾತವ್ವನ ಮಗಳು ಹೂವಿಗೂ ಜ್ವರ ಬಂತು. ಮೈ ಮುಟ್ಟಿದರೆ ಕಾದ ಹೆಂಚು. ಸಾತವ್ವ ಮಗಳನ್ನು ನೆರೆಯವಳ ಮಡಿಲಿಗೆ ಹಾಕಿ, ಬಿಸಿನೀರು, ತುಪ್ಪ, ಜೇನು, ಒಂದು ಖಾಲಿ ಗಡಿಗೆ ಹೊತ್ತು ಕಾಡಿಗೆ ಹೊರಟಳು. ಕತ್ತಿ ಹಿಡಿದು ಹೋದ ರಾಜನ ಸೈನಿಕರೇ ಮರಳಿಲ್ಲ, ನಿನಗೇನು ಹುಚ್ಚೇ ಎಂದು ಊರವರು ಕೇಳಿದರು. ಯಾವ ಮದ್ದು ಯಾತರಲ್ಲಿ ಕರಗುತ್ತದೋ ಅದರಲ್ಲೇ ಕೊಡಬೇಕು, ಕತ್ತಿಯಲ್ಲಲ್ಲ ಎಂದಳು. ಬಿಸಿನೀರು ದಾರಿಯಲ್ಲಿ ಆರಲಿಲ್ಲವೇ ಎನ್ನಬೇಡಿ, ಆರಲಿಲ್ಲ.

ನಡುಹಗಲಲ್ಲೂ ಆ ಕಾಡಿನಲ್ಲಿ ಹಕ್ಕಿಯ ದನಿಯಿಲ್ಲ. ಮೊದಲು ಹಾವು ಬಂತು. ಅದರ ಉಸಿರು ತಾಗಿದ್ದೇ ಸಾತವ್ವನ ನಾಲಿಗೆ ಮರಗಟ್ಟಿತು, ಕಣ್ಣು ಕತ್ತಲಿಟ್ಟಿತು. ಬುಸುಗುಟ್ಟಿದ ಕಡೆಗೇ ಬಿಸಿನೀರು ಎರಚಿದಳು. ಹಾವು ಬೆಲ್ಲದಂತೆ ಕರಗಿ ಗಡಿಗೆಗೆ ಇಳಿಯಿತು.

ಆಮೇಲೆ ಹುಲಿ. ಎಮ್ಮೆಯಷ್ಟಿತ್ತು, ಆನೆಯಷ್ಟು ಎಂದರೂ ಜಗಳವಿಲ್ಲ. ಹೆದರಿಕೆಯಲ್ಲಿ ಸಾತವ್ವ ಉಳಿದ ಬಿಸಿನೀರನ್ನೇ ಎರಚಿಬಿಟ್ಟಳು. ನೀರು ಹುಲಿಯ ಮೈಮೇಲೆ ಮುತ್ತಾಗಿ ಉರುಳಿ ಬಿತ್ತು. ಅರಿಸಿನದ ಹಳದಿ ಎಲ್ಲಾದರೂ ಬರೀ ನೀರಿಗೆ ಬಗ್ಗುತ್ತದೆಯೇ? ಪಂಜ ಭುಜ ಸೀಳಿದ ಮೇಲೆ ಬುದ್ಧಿ ಬಂದು ತುಪ್ಪ ಸುರಿದಳು. ಹುಲಿ ಕರಗಿ ಹಳದಿ ಧಾರೆಯಾಗಿ ಗಡಿಗೆ ಸೇರಿತು.

ಕೊನೆಗೆ ಕರಡಿ. ಅದು ಕೆಮ್ಮಿದರೆ ಮರಗಳು ಹೊತ್ತಿಕೊಳ್ಳುತ್ತಿದ್ದವು. ರೆಪ್ಪೆ ಸುಟ್ಟುಕೊಂಡು, ಕಣ್ಣು ಮುಚ್ಚಿ, ಜೇನು ಚೆಲ್ಲಿದಳು. ಕರಡಿ ನೆಕ್ಕುತ್ತ ನೆಕ್ಕುತ್ತ ತಾನೇ ಜೇನಿನೊಳಗೆ ಕರಗಿಹೋಯಿತು. ಅದನ್ನೂ ಗಡಿಗೆಗೆ ಬಳಿದುಕೊಂಡಳು.

ತಿರುಗಿದರೆ, ದಾರಿಗೆ ಅಡ್ಡವಾಗಿ ಗರಳಾಕ್ಷ ನಿಂತಿದ್ದ. ಅವನಿಗೆ ನೆರಳಿರಲಿಲ್ಲ.

“ಕೊಡು ಇಲ್ಲಿ. ಇದನ್ನ ಕುಡಿದರೆ ನನಗೆ ಸಾವೇ ಇಲ್ಲ. ಎಷ್ಟು ಕುಡೀಬೇಕು ಹೇಳು.”

ಸಾತವ್ವ ಗಡಿಗೆಯನ್ನು ಎದೆಗವಚಿಕೊಂಡಳು. “ಒಂದು ತೊಟ್ಟು, ಸ್ವಾಮಿ. ಹೆಚ್ಚಾದರೆ ಅದು ಮದ್ದಲ್ಲ. ನನ್ನ ಮಗಳಿಗೂ ಒಂದು ತೊಟ್ಟು ಸಾಕು.”

“ಮಿಕ್ಕಿದ್ದೆಲ್ಲ ಹೊತ್ತುಕೊಂಡು ಹೋಗೋ ಉಪಾಯ ಇದು. ನನಗೇ ಟೋಪಿ ಹಾಕ್ತೀಯೇನೇ?”

“ಮದ್ದಿನ ವಿಷಯದಲ್ಲಿ ನಾನು ಸುಳ್ಳಾಡೋಳಲ್ಲ.”

ಅವನು ಗಡಿಗೆ ಕಿತ್ತುಕೊಂಡು ಗಟಗಟ ಕುಡಿದು, ತಳವನ್ನೂ ನೆಕ್ಕಿದ. ಹೂವಿಗೆಂದು ಒಂದು ತೊಟ್ಟೂ ಉಳಿಯಲಿಲ್ಲ. ಸಾತವ್ವ ಕುಸಿದು ಕೂತಳು.

ರಾಜ್ಯಕ್ಕೆಲ್ಲ ಆಗುವ ಮದ್ದು ಒಂದೇ ಹೊಟ್ಟೆಯಲ್ಲಿ. ಗರಳಾಕ್ಷನ ಮೈ ಹಸಿರಾಯಿತು, ಬೆರಳುಗಳು ಚಿಗುರೊಡೆದವು, ಕಿರುಚಲು ತೆರೆದ ಬಾಯಿಂದ ಬಳ್ಳಿ ಹೊರಟಿತು. ಪಾದಗಳಿಂದ ಬೇರು ಇಳಿದು, ನೆಲದಡಿ ಸರಸರ ಹರಿದು, ಊರೂರಿನ ಗಿಡಗಳ ಬೇರನ್ನು ಮುಟ್ಟಿತು. ಕುಡಿದದ್ದೆಲ್ಲ ಬಂದ ಕಡೆಗೇ ಹೋಯಿತು.

ಸಾತವ್ವ ಓಡಿ ಬಂದು ಹಿತ್ತಲಿನ ಅಮೃತಬಳ್ಳಿ ಕಿತ್ತು, ಜಜ್ಜಿ, ಕುದಿಸಿ, ಆರಿಸಿ ಮಗಳ ಬಾಯಿಗೆ ಬಿಟ್ಟಳು. ಹೂವಿ ಅಲುಗಲಿಲ್ಲ. ನೆರೆಯವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಮಗುವಿನ ಮೂಗು ಸುಕ್ಕಾಯಿತು.

“ಥೂ, ಕಹಿ,” ಎಂದು ಹೂವಿ ಅವ್ವನ ಮುಖಕ್ಕೇ ಉಗುಳಿದಳು.

ಸಾತವ್ವ ಮುಖ ಒರೆಸಿಕೊಳ್ಳದೆ ಇನ್ನೊಂದು ತೊಟ್ಟು ಬಿಟ್ಟಳು. ಅಂದಿನಿಂದ ಹಸಿರಾವತಿಯವರೆಲ್ಲ ಕಷಾಯ ಕುಡಿದು, ಮುಖ ಕಿವುಚಿಕೊಂಡು, ಸುಖವಾಗಿ ಬಾಳಿದರು.