ಸಾವಂತ್ರವ್ವನ ಕಫದ ಡಬ್ಬಿ

"ಖರೇ ಗುಳಿಗಿ ಮಾರ್ಕೊಂಡು, ನಮ್ಮವ್ವಗ ಖೊಟ್ಟಿ ಗುಳಿಗಿ ನುಂಗಿಸ್ಯಾನ್ರೀ!" ಖಾನಾಪುರ ಠಾಣೆಯಲ್ಲಿ ಮುತ್ತಪ್ಪ ಗುಡುಗಿದ. "ಆರಾಮ ಆಗಿದ್ದಾಕಿಗಿ ಟಿಬಿ ತಿರುಗಿ ಬಂದೈತಿ. ಅದೂ ಔಷಧಕ್ಕ ಬಗ್ಗದಂಥಾದ್ದು!"

ಬೆಂಚಿನ ಮೇಲೆ ಬಾಳೇಶ ತಲೆತಗ್ಗಿಸಿ ಕುಳಿತಿದ್ದ. ಕ್ಷಯರೋಗಿಗಳ ಮನೆಗೆ ಹೋಗಿ, ಎದುರಿಗೇ ನಿಂತು ಗುಳಿಗೆ ನುಂಗಿಸುವುದು ಅವನ ಕೆಲಸ. ಈಗ ಕೆಲಸವೂ ಮರ್ಯಾದೆಯೂ ಒಟ್ಟಿಗೇ ಹೋಗುವುದರಲ್ಲಿದ್ದವು. ಮುತ್ತಪ್ಪನ ತಾಯಿ ಸಾವಂತ್ರವ್ವ ಮತ್ತೆ ಕೆಮ್ಮೆಂದು ಕೊಟ್ಟ ಕಫದಲ್ಲಿ ಮಾಮೂಲಿ ಔಷಧಕ್ಕೆ ಸಾಯದ ಕ್ರಿಮಿ ಸಿಕ್ಕಿತ್ತು.

ಕಫ ಪರೀಕ್ಷಿಸಿದವರು ಬೆಳಗಾವಿಯ ಡಾಕ್ಟರ್ ತನ್ಮಯಿ. ಟಿಳಕವಾಡಿಯ ಈ ಹೆಣ್ಣುಮಗಳಿಗೆ ಒಂದು ಚಾಳಿ. ಸುಲಭವಾಗಿ ಸಿಕ್ಕ ಕಳ್ಳನನ್ನು ನಂಬುವುದಿಲ್ಲ.

*

ಸಾವಂತ್ರವ್ವನ ಹಳೆಯ ಕ್ರಿಮಿಯೂ ಲ್ಯಾಬಿನಲ್ಲಿತ್ತು. ತನ್ಮಯಿ ಎರಡರ ವಂಶವಾಹಿಗಳನ್ನೂ ಪಕ್ಕಪಕ್ಕ ಇಟ್ಟರು.

ಔಷಧ ಸರಿಯಾಗಿ ಬೀಳದಿದ್ದರೆ ಹಳೆಯ ಕ್ರಿಮಿಯ ವಂಶವಾಹಿ ಅಲ್ಲಲ್ಲಿ ಬದಲಾಗಿ, ಅದು ಗಟ್ಟಿಯಾಗುತ್ತದೆ. ಉಳಿದದ್ದು ಹಾಗೇ ಇರುತ್ತದೆ. ಇಲ್ಲಿ ಉಳಿದದ್ದೂ ಬೇರೆ! ಅಂದರೆ ಕ್ರಿಮಿಯೇ ಬೇರೆ. ಅಜ್ಜಿಯ ಕ್ರಿಮಿ ಬಾಳೇಶನ ಗುಳಿಗೆಗೆ ಎಂದೋ ಸತ್ತಿತ್ತು.

ಹೊಸದಾಗಿ ತಗುಲಿತೇ? ಎಕ್ಸ್-ರೇ ತೆಗೆಸಿದರು. ಹೊಸ ರೋಗದ ಗುರುತೇ ಇಲ್ಲ. ಅಷ್ಟರಲ್ಲಿ ಲ್ಯಾಬಿನ ಸಂಗ್ರಹದಲ್ಲಿ ಹೊಸ ಕ್ರಿಮಿಯ ತದ್ರೂಪು ಸಿಕ್ಕಿತು. ವಿಮಾನ ನಿಲ್ದಾಣವಿರುವ ಸಾಂಬ್ರಾ ಊರಿನ ಒಬ್ಬ ರೋಗಿಯದು.

ತನ್ಮಯಿ ಬಾಳೇಶನನ್ನೂ ಕರೆದುಕೊಂಡು ಖಾನಾಪುರಕ್ಕೆ ಹೊರಟರು.

*

"ಬರ್ರಿ ಡಾಕ್ಟರಬಾಯಾರ, ಕುಂದರ್ರಿ." ಸಾವಂತ್ರವ್ವ ತುಂಬಿದ ಕೊಡ ಇಳಿಸಿದಳು. ಉಸಿರು ಸಹ ಏರಿರಲಿಲ್ಲ.

"ಅವ್ವಾರ, ಸಾಂಬ್ರಾಕ್ಕ ಹೋಗಿದ್ರೇನು?"

"ವಿಮಾನ ಹತ್ತೂದಿದ್ರ ಹೋಗ್ತಿದ್ನಿ!"

ಅಡುಗೆಮನೆಯಲ್ಲಿ ಯಾರೋ ಕೆಮ್ಮಿದರು. ಕೂಡಲೇ ಸಾವಂತ್ರವ್ವನೂ ಜೋರಾಗಿ ಕೆಮ್ಮಿದಳು. ಒಳಗೆ ಮತ್ತೊಂದು ಕೆಮ್ಮು. ಹೊರಗೆ ಇನ್ನೂ ಜೋರು! ತನ್ಮಯಿಗೆ ನಗು ತಡೆಯಲಾಗಲಿಲ್ಲ.

"ಮುತ್ತಪ್ಪಾ, ನಿಮ್ಮ ಹೆಂಡತಿ ತವರು ಯಾವೂರು?"

"ಸಾಂಬ್ರಾ. ರೂಪಾಲಿ ತನ್ನ ಸೋದರಮಾವ ಜಡ್ಡಿಗಿ ಬಿದ್ದಾಗ ನೋಡಾಕ ಹೋಗಿದ್ಲು. ಯಾಕ್ರೀ?"

"ಡಬ್ಬಿ ನಿಮ್ಮವ್ವಂದು. ಕಫ ರೂಪಾಲೀದು."

ಸಾವಂತ್ರವ್ವ ಕೆಮ್ಮು ನಿಲ್ಲಿಸಿದಳು. "ಹೌದ್ರೀ. ನನಗ ಹೆಂಗೂ ಟಿಬಿ ಮುದುಕಿ ಅಂತ ಹೆಸರಿತ್ತು. ಮೊನ್ನೆ ಲಗ್ನ ಆದ ಹುಡುಗಿಗ್ಯಾಕ? ಈ ಮೂಳ ಆಕಿನ್ನ ತವರಿಗಿ ಅಟ್ಟತಾನಂತ ಅಂಜಿದ್ನಿ. ಗುಳಿಗಿ ಬಂದ ಮ್ಯಾಲ ಹೆಂಗರ ಮಾಡಿ ಆಕಿಗಿ ನುಂಗಸ್ತಿದ್ನಿ. ಬಾಳೇಶನ ಕೊರಳಿಗಿ ಬರ್ತೈತಂತ ಗೊತ್ತಿರಲಿಲ್ರೀ."

"ಬಾಳೇಶ ಎದುರಿಗಿ ನಿಂತು ನಿಮಗ ನುಂಗಸ್ತಿದ್ದ! ಆಕಿಗಿ ಒಂದೂ ಸಿಗ್ತಿರಲಿಲ್ಲ." ತನ್ಮಯಿ ಒಳಗೆ ಕೇಳುವಂತೆ ಹೇಳಿದರು, "ರೂಪಾಲಿ, ಅಂಜಬ್ಯಾಡವಾ. ನಿನ್ನ ಕ್ರಿಮಿಗಿ ಹಳೇ ಗುಳಿಗಿ ನಡೆಯೂದಿಲ್ಲ. ಯಾವು ನಡೀತಾವ ಅನ್ನೂದು ಅದರ ವಂಶವಾಹಿನ ಹೇಳೈತಿ. ಅವನ್ನ ಚಾಲೂ ಮಾಡೂಣು. ಆರಾಮ ಆಗ್ತಿ."

ರೂಪಾಲಿ ಸೆರಗು ಬಾಯಿಗೊತ್ತಿ ಬಾಗಿಲಿಗೆ ಬಂದಳು.

"ಆಕಿನ್ನ ತವರಿಗಿ ಕಳಸೂದಿದ್ರ ನನ್ನ ಗಂಟೂ ಕಟ್ಟು," ಎಂದಳು ಸಾವಂತ್ರವ್ವ ಮಗನಿಗೆ. "ಇಬ್ಬರೂ ಹೋಗ್ತೀವಿ. ರೊಟ್ಟಿ ನೀನ ಬಡ್ಕೊ!"

ಮುತ್ತಪ್ಪ ಹೆಂಡತಿಯನ್ನು ನೋಡಿದ. ಎಷ್ಟು ಸೊರಗಿದ್ದಾಳೆಂದು ಅವನಿಗೆ ಈಗ ಕಂಡಿತು. ಎದ್ದು ಬಾಳೇಶನ ಕೈ ಹಿಡಿದ.

"ತಪ್ಪಾತು ಬಾಳೇಶಣ್ಣಾ. ದೂರು ಹಿಂದಕ್ಕ ತಗೋತೀನಿ. ಇಕಿಗಿ ಗುಳಿಗಿ ಕೊಡಾಕ ದಿನಾ ಬಾ."

"ಹಿತ್ತಲ ಕಡೆಯಿಂದ ಬರಲೇನು? ಮಂದಿ ನೋಡ್ತಾರ."

"ಮುಂದಿನ ಬಾಗಲಿಂದನ ಬಾ. ನೋಡ್ಲಿ."